ನಾಲ್ಕನೆಯ ಮೇಜಿನ ಪಟ್ಟಕ

ಅಭಿನಂದನ ಗ್ರಂಥವೆಂದರೆ ವೇದಿಕೆಯ ಮೇಲಿನ ಕುರ್ಚಿ ರೂಢಿಯಾದವರಿಗೆ ಸಲ್ಲುವ ಗೌರವವೆಂದೇ ನಮ್ಮಲ್ಲಿ ಬಹುಕಾಲದಿಂದ ತಿಳಿದುಕೊಂಡು ಬಂದಿದ್ದೇವೆ. ದಾವಣಗೆರೆಯ ನಮ್ಮ ಕಾಲೇಜು ಈವರೆಗೆ ಹೊರತಂದ ಮೂರು ಗ್ರಂಥಗಳಲ್ಲಿ ಎರಡು ಪ್ರಾಂಶುಪಾಲರಿಗೆ, ಒಂದು ಆಡಳಿತ ಮಂಡಳಿಯ ಹಿರಿಯರೊಬ್ಬರಿಗೆ ಸಂದಿವೆ. ನಾಲ್ಕನೆಯದಾದ ಈ ಗ್ರಂಥ, ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ದುಡಿದು ಕಳೆದ ಮೇ ತಿಂಗಳ ಕೊನೆಯ ದಿನ ನಿವೃತ್ತರಾದ ಶ್ರೀಮತಿ ಉಡಚಮ್ಮನವರಿಗೆ ಸಲ್ಲುತ್ತಿದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವರಿಗೆ ಭೌತಶಾಸ್ತ್ರದ ಹೆಸರಿನಲ್ಲಿ ಗ್ರಂಥವೇ ಎಂದು ಸಮಿತಿಯ ಮೊದಲ ಸಭೆಯಲ್ಲಿ ಒಬ್ಬರು ಕೇಳಿದ್ದುಂಟು. ಮುಂದಿನ ಸಭೆಯ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳಿಂದ ಇನ್ನೂರಕ್ಕೂ ಹೆಚ್ಚು ಪತ್ರಗಳು ಬಂದಿದ್ದವು. ಹಾಗೆ ಕೇಳಿದವರೇ ಅವನ್ನೆಲ್ಲ ಓದಿ, ಮುದ್ರಣದ ಹೊಣೆಯನ್ನು ತಾವೇ ಹೊತ್ತುಕೊಂಡರು.

ಈ ಊರಿನಲ್ಲಿ ಕಳೆದ ಮೂರು ದಶಕಗಳಲ್ಲಿ ಬಿ.ಎಸ್ಸಿ. ಓದಿದವರಲ್ಲಿ ಅನೇಕರು ಬೆಳಕಿನ ನಡೆಯನ್ನು ಮೊದಲು ಕಣ್ಣಾರೆ ಕಂಡದ್ದು ನಮ್ಮ ಕಾಲೇಜಿನ ಡಾರ್ಕ್ ರೂಮಿನಲ್ಲಿ. ಕಿಟಕಿಗೆ ಎರಡು ಪದರದ ಕಪ್ಪು ಬಟ್ಟೆ, ಆರು ಮೇಜು, ಮೇಜಿಗೊಂದು ಬೆಳಕು ಬಾಗುವ ಕೋನ ಅಳೆಯುವ ಸ್ಪೆಕ್ಟ್ರೋಮೀಟರ್, ಅದರ ನಡುವಿನ ತಟ್ಟೆಯ ಮೇಲೆ ಮೂರು ಮೂಲೆಯ ಗಾಜಿನ ತುಂಡು. ಪುಸ್ತಕದಲ್ಲಿ ಅದಕ್ಕೆ ಪಟ್ಟಕ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅದು ಪ್ರಿಸಂ. ಸೋಡಿಯಂ ದೀಪ ಕೆಂಪಗೆ ಹೊತ್ತಿ, ಕಾದು, ಹಳದಿಗೆ ತಿರುಗುವಷ್ಟರಲ್ಲಿ ಆ ಹಳದಿಯೊಳಗಿಂದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಣ್ಣುಮಗಳು ಎದ್ದು ಬಂದು, ಹೊಸ ವಿದ್ಯಾರ್ಥಿಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಅಧ್ಯಾಪಕರು ಹಲಗೆಯ ಮೇಲೆ ಬರೆದದ್ದು ತಲೆಗೆ ಹತ್ತದವರಿಗೆ ಅವರ ಮಾತು ಹತ್ತುತ್ತಿತ್ತು.

ಉಡಚಮ್ಮನವರು ಹುಟ್ಟಿದ್ದು ೧೯೬೪ರಲ್ಲಿ, ಹರಿಹರದಲ್ಲಿ, ಹೊಳೆಗೆ ಇಳಿಯುವ ಓಣಿಯೊಂದರಲ್ಲಿ. ತಂದೆ ಅಜ್ಜಪ್ಪನವರು ಇಟ್ಟಿಗೆ ಭಟ್ಟಿಯಲ್ಲಿ ಕೂಲಿ. ತಾಯಿ ಮರಿಯವ್ವನವರು ಬಳೆ ಮಾರುವವರು. ಗಾಜಿನ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ಸುತ್ತುವ ತಾಯಿಯ ಹಿಂದೆ ಮಗಳೂ ತಿರುಗುತ್ತಿದ್ದರು. ಬಳೆಗೆ ಬಳೆ ತಾಗಿಸಿ ದನಿ ಕೇಳಿ ಬಿರುಕು ಹಿಡಿಯುವುದು, ಕೈಯಲ್ಲಿ ತೂಗಿ ಇದು ಯಾವ ಊರಿನ ಸರಕು ಎಂದು ಹೇಳುವುದು ಅವರಿಗೆ ಹತ್ತು ವರ್ಷಕ್ಕೇ ಬಂದಿತ್ತು. ಹದಿನೆಂಟಕ್ಕೆ ಮದುವೆಯಾಗಿ ದಾವಣಗೆರೆಯ ನಿಟ್ಟುವಳ್ಳಿಗೆ ಬಂದರು. ಪತಿ ನಿಂಗಪ್ಪನವರು ಹತ್ತಿಯ ಗಿರಣಿಯಲ್ಲಿ ಮಗ್ಗದ ಕೆಲಸಗಾರರು. ಗಿರಣಿಯ ಸೈರನ್ನು ಕೇಳಿ ಅಡುಗೆ ಇಡುತ್ತಿದ್ದ, ಸೈರನ್ನು ಕೇಳಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದ ಕಾಲ ಅದು. ಒಂದು ದಿನ ಸೈರನ್ ಕೂಗಲಿಲ್ಲ. ನಿಂಗಪ್ಪನವರು ಮನೆಯ ಮುಂದೆಯೇ ಸೈಕಲ್ ರಿಪೇರಿಯ ಅಂಗಡಿ ಹಾಕಿಕೊಂಡರು. ಉಡಚಮ್ಮನವರು ೧೯೯೦ರ ಜೂನಿನಲ್ಲಿ ನಮ್ಮ ಕಾಲೇಜಿಗೆ ಕಸ ಗುಡಿಸುವ ಕೆಲಸಕ್ಕೆ ಸೇರಿದರು.

ಆಗ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಪ್ರೊಫೆಸರ್ ಮಲ್ಲೇಶಪ್ಪನವರು. ಖಾದಿ ಅಂಗಿಯ ತೋಳಿಗೆ ಸದಾ ಸೀಮೆಸುಣ್ಣ ಮೆತ್ತಿಕೊಂಡಿರುತ್ತಿದ್ದ, ಸಿಟ್ಟು ಬಂದರೆ ಮಾತು ನಿಲ್ಲಿಸಿಬಿಡುತ್ತಿದ್ದ ಹಿರಿಯರು. ಹೊಸದಾಗಿ ಬಂದ ಕೆಲಸದವರು ಮೇಜು ಒರೆಸುವಾಗ ಮಸೂರಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯುವುದನ್ನೂ, ವಿದ್ಯಾರ್ಥಿಗಳು ಅದಲುಬದಲು ಮಾಡಿ ಬಿಟ್ಟುಹೋದ ಗಾಜಿನ ಇಟ್ಟಿಗೆಗಳನ್ನು ಕೈಯಲ್ಲಿ ತೂಗಿ ಆಯಾ ಪೆಟ್ಟಿಗೆಗೇ ಸೇರಿಸುವುದನ್ನೂ ಅವರು ಒಂದು ವಾರ ದೂರದಿಂದ ನೋಡಿದರು. ಎಂಟನೆಯ ದಿನ ಪ್ರಾಂಶುಪಾಲರಲ್ಲಿಗೆ ಹೋಗಿ, ಈಕೆಯನ್ನು ತಮ್ಮ ವಿಭಾಗಕ್ಕೆ ಕೊಡಬೇಕೆಂದು ಕೇಳಿಕೊಂಡರು.

ಪಟ್ಟಕವನ್ನು ಉಡಚಮ್ಮನವರು ಮೊದಲು ಕಂಡದ್ದು ಅದೇ ವರ್ಷದ ದಸರಾ ರಜೆಯಲ್ಲಿ, ಉಪಕರಣಗಳನ್ನೆಲ್ಲ ಒರೆಸಿ ಇಡುವ ದಿನ. ಕಪ್ಪು ಪರದೆಯ ಒಂದು ತೂತಿನಿಂದ ಬಿಸಿಲಿನ ಕಡ್ಡಿಯೊಂದು ಒಳಗೆ ಬಿದ್ದಿತ್ತು. ಮಲ್ಲೇಶಪ್ಪನವರು ಅದಕ್ಕೆ ಗಾಜನ್ನು ಅಡ್ಡ ಹಿಡಿದರು. ಬೆಳಕು ನೇರವಾಗಿ ಹೋಗದೆ, ಗಾಜಿನ ದಪ್ಪ ಕಡೆಗೆ ಬಾಗಿ, ಎದುರು ಗೋಡೆಯಲ್ಲಿ ಕೆಂಪಿನಿಂದ ನೇರಳೆಯವರೆಗೆ ಪಟ್ಟಿಯಾಗಿ ಹರಡಿತು. ಉಡಚಮ್ಮನವರು ಬಹಳ ಹೊತ್ತು ಗೋಡೆಯನ್ನೇ ನೋಡುತ್ತಿದ್ದು, ಕೊನೆಗೆ ಕೇಳಿದರು.

"ಸರ್, ಈ ಬಣ್ಣ ಗಾಜಿನಾಗೆ ಐತೋ, ಬಿಸಿಲಿನಾಗೆ ಐತೋ?"

ಮೂವತ್ತು ವರ್ಷದ ಅಧ್ಯಾಪನದಲ್ಲಿ ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ತಮ್ಮನ್ನು ಕೇಳಿರಲಿಲ್ಲವೆಂದು ಮಲ್ಲೇಶಪ್ಪನವರು ಮುಂದೆ ಅನೇಕ ಸಲ ಹೇಳಿದ್ದುಂಟು. ಅವರು ಬಾಯಲ್ಲಿ ಉತ್ತರ ಹೇಳಲಿಲ್ಲ. ಇನ್ನೊಂದು ಪಟ್ಟಕವನ್ನು ತಂದು ಮೊದಲನೆಯದರ ಮುಂದೆ ತಲೆಕೆಳಗಾಗಿ ಹಿಡಿದರು. ಹರಡಿದ್ದ ಬಣ್ಣಗಳೆಲ್ಲ ಒಟ್ಟುಗೂಡಿ ಗೋಡೆಯ ಮೇಲೆ ಬರಿಯ ಬಿಳಿಯ ಮಚ್ಚೆಯೊಂದು ಉಳಿಯಿತು. ಗಾಜು ಬಣ್ಣವನ್ನು ಕೊಡುವುದಾಗಿದ್ದರೆ ಎರಡನೆಯ ಗಾಜು ಇನ್ನಷ್ಟು ಕೊಡಬೇಕಿತ್ತಲ್ಲ ಎಂದು ಉಡಚಮ್ಮನವರೇ ಲೆಕ್ಕ ಹಾಕಿ, ಹಾಗಾದರೆ ಅದು ಬಿಸಿಲಿನಲ್ಲೇ ಇದೆ ಎಂದರು. ಆಮೇಲೆ ಮಲ್ಲೇಶಪ್ಪನವರು ನಿಧಾನವಾಗಿ ವಿವರಿಸಿದರು. ಗಾಳಿಯಲ್ಲಿ ಓಡುವ ಬೆಳಕು ಗಾಜಿಗೆ ಬಂದಾಗ ನಿಧಾನವಾಗುತ್ತದೆ. ಓರೆಯಾಗಿ ಬಂದರೆ ಹೊಕ್ಕುವಾಗ ಒಮ್ಮೆ, ಹೊರಬೀಳುವಾಗ ಒಮ್ಮೆ ದಾರಿ ಬದಲಿಸುತ್ತದೆ. ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು ಬಾಗುತ್ತದೆ, ಅದಕ್ಕೇ ಜೊತೆಯಲ್ಲಿ ಬಂದವು ಬೇರೆ ಬೇರೆಯಾಗುತ್ತವೆ. ಎಷ್ಟು ಬಾಗಬೇಕೆಂಬುದು ಗಾಜಿನ ಜಾತಿಯ ಮೇಲೂ ನಿಲ್ಲುತ್ತದೆ.

ಮುಂದಿನ ಆರೇಳು ವರ್ಷ ಅವರ ಬದುಕಿನ ಅತ್ಯಂತ ಸುಖದ ದಿನಗಳೆಂದು ಉಡಚಮ್ಮನವರು ಇಂದಿಗೂ ಹೇಳುತ್ತಾರೆ. ಸ್ಪೆಕ್ಟ್ರೋಮೀಟರಿನ ದೂರದರ್ಶಕವನ್ನು ಮೊದಲು ದೂರದ ವಸ್ತುವೊಂದಕ್ಕೆ ಹೊಂದಿಸಿಕೊಳ್ಳಬೇಕು. ನಮ್ಮ ಪ್ರಯೋಗಾಲಯದಲ್ಲಿ ಅದಕ್ಕೆ ಇದ್ದದ್ದು ಹಿಂದಿನ ಕಿಟಕಿಯಿಂದ ಕಾಣುವ ಗಿರಣಿಯ ಚಿಮಣಿ, ನಿಂಗಪ್ಪನವರು ದುಡಿಯುತ್ತಿದ್ದ ಅದೇ ಮುಚ್ಚಿದ ಗಿರಣಿ. ದೂರದರ್ಶಕದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುವುದರಿಂದ, ಪ್ರತಿ ದಿನ ಬೆಳಿಗ್ಗೆ ಆರು ಸಲ ಆ ಚಿಮಣಿಯನ್ನು ಬುಡಮೇಲಾಗಿ ಕಂಡು, ಅದರ ಇಟ್ಟಿಗೆಯ ಸಂದುಗಳು ಸ್ಪಷ್ಟವಾಗುವವರೆಗೆ ತಿರುಪು ತಿರುಗಿಸುತ್ತಿದ್ದರು. ಚಿಮಣಿಯನ್ನು ಕೆಡವಿದ ಮೇಲೆ ಒಂದು ನೀರಿನ ಟ್ಯಾಂಕು, ಅದೂ ಮರೆಯಾದ ಮೇಲೆ ಮೊಬೈಲಿನ ಗೋಪುರ ಆ ಕೆಲಸಕ್ಕೆ ಬಂದವು. ಹಳೆಯ ವಿದ್ಯಾರ್ಥಿಗಳು ಭೇಟಿಯಾದಾಗ, ನೀವು ಚಿಮಣಿಯ ಕಾಲದವರೋ ಟ್ಯಾಂಕಿನ ಕಾಲದವರೋ ಎಂದು ಅವರು ಕೇಳುವುದು ಈ ಕಾರಣಕ್ಕೆ.

ವಿದ್ಯಾರ್ಥಿಗಳಿಗೆ ಅವರು ಉಡಚಕ್ಕ. ಹರಿಹರದಿಂದ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಿದ್ದ ಹುಡುಗಿಯರು ಏನೂ ತಿಂದಿರುವುದಿಲ್ಲವೆಂದು ತವರಿನ ಓಣಿಯ ಅನುಭವದಿಂದ ಬಲ್ಲ ಅವರು, ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಕೊಂಡು ಬರುತ್ತಿದ್ದರು. ಆವರಗೆರೆಯಿಂದ ನಡೆದೇ ಬರುತ್ತಿದ್ದ ಕರಿಯಣ್ಣನೆಂಬ ವಿದ್ಯಾರ್ಥಿಗೆ ಒಂದು ಕಣ್ಣಿನ ದೃಷ್ಟಿ ಮಂದವಾಗಿತ್ತು. ಅವನ ಅಧ್ಯಾಪಕರಿಗೂ ತಿಳಿಯದ ಆ ಸಂಗತಿಯನ್ನು, ಅವನು ದೂರದರ್ಶಕಕ್ಕೆ ಕಣ್ಣಿಡುವ ರೀತಿಯಿಂದಲೇ ಅರಿತು, ಅವನ ಮೇಜಿನ ದೀಪವನ್ನು ಎಡಗಡೆಗೆ ಸರಿಸಿ ಇಟ್ಟವರು ಅವರು. ಕರಿಯಣ್ಣನವರು ಇಂದು ಆನೆಕೊಂಡದ ಶಾಲೆಯೊಂದರ ಮುಖ್ಯೋಪಾಧ್ಯಾಯರು. ಈ ಗ್ರಂಥಕ್ಕೆ ಮೊದಲು ಪತ್ರ ಬರೆದವರು.

ಪ್ರಯೋಗದ ಕಷ್ಟದ ಭಾಗವೆಂದರೆ ಬೆಳಕು ಅತಿ ಕಡಿಮೆ ಬಾಗುವ ನೆಲೆಯನ್ನು ಹಿಡಿಯುವುದು. ಪಟ್ಟಕವನ್ನು ತಿರುಗಿಸುತ್ತ ಹೋದರೆ ದೂರದರ್ಶಕದಲ್ಲಿ ಕಾಣುವ ಹಳದಿ ಗೆರೆ ಒಂದು ಕಡೆಗೆ ಸರಿಯುತ್ತದೆ. ಒಂದು ಹಂತದಲ್ಲಿ ನಿಂತು, ಗಾಜನ್ನು ಅದೇ ದಿಕ್ಕಿಗೆ ತಿರುಗಿಸುತ್ತಿದ್ದರೂ ತಾನು ಹಿಂದಕ್ಕೆ ಹೊರಳುತ್ತದೆ. ಆ ನಿಂತ ಜಾಗದ ಕೋನದಿಂದ ಗಾಜಿನ ವಕ್ರೀಭವನಾಂಕವನ್ನು, ಎಂದರೆ ಆ ಗಾಜು ಬೆಳಕನ್ನು ಎಷ್ಟರಮಟ್ಟಿಗೆ ಬಾಗಿಸಬಲ್ಲದೆಂಬ ಅಂಕಿಯನ್ನು, ಲೆಕ್ಕ ಹಾಕುತ್ತಾರೆ. "ಗೆರಿ ಬರ್ತೈತೆ, ನಿಲ್ತೈತೆ, ವಾಪಸ್ ಹೊಕ್ಕೈತೆ. ನಿಂತಲ್ಲಿ ಹಿಡಿಯವ್ವ, ಅವಸರ ಬ್ಯಾಡ" ಎಂಬ ಅವರ ಮಾತು ಎಷ್ಟೋ ಮಂದಿಯ ಪತ್ರಗಳಲ್ಲಿ ಬಂದಿದೆ.

೧೯೯೬ರಲ್ಲಿ ಅವರ ನೌಕರಿ ಕಾಯಂ ಆಯಿತು. ಮರುವರ್ಷ ಮಲ್ಲೇಶಪ್ಪನವರು ನಿವೃತ್ತರಾದರು. ಅವರ ಜಾಗಕ್ಕೆ ಬಂದ ಅಂಜನಕುಮಾರ ಅವರು ಆಗಿನ್ನೂ ಮೂವತ್ತೈದು ದಾಟದ ಚುರುಕಿನ ಅಧ್ಯಾಪಕರು. ಪಾಠದಲ್ಲಿ ನಿಪುಣರು, ಪ್ರಯೋಗಾಲಯಕ್ಕೆ ಅಪರೂಪ.

ಇನ್ನು ಹೇಳಬೇಕಾದ ಘಟನೆಯನ್ನು ಅಭಿನಂದನ ಗ್ರಂಥದಲ್ಲಿ ಬರೆಯುವುದು ಉಚಿತವೇ ಎಂದು ಈ ಲೇಖಕಿ ಉಡಚಮ್ಮನವರನ್ನೇ ಕೇಳಿದಳು. ಅದನ್ನು ಬಿಟ್ಟರೆ ತಮ್ಮ ಬಗ್ಗೆ ಬರೆದದ್ದೆಲ್ಲ ಅರ್ಧ ಸುಳ್ಳಾಗುತ್ತದೆ, ಬರೆಯಿರಿ ಎಂದು ಅವರು ಒಪ್ಪಿಗೆ ಕೊಟ್ಟರು.

೧೯೯೯ರ ಜೂನಿನಲ್ಲಿ, ಕಾಲೇಜು ಪುನರಾರಂಭದ ಹಿಂದಿನ ದಿನ, ಒರೆಸುತ್ತಿದ್ದಾಗ ನಾಲ್ಕನೆಯ ಮೇಜಿನ ಪಟ್ಟಕ ಅವರ ಕೈಯಿಂದ ಜಾರಿತು. ನೆಲದ ಕಡಪ ಕಲ್ಲಿಗೆ ಬಡಿದು ಒಂದು ಮೂಲೆ ಹಾರಿಹೋಯಿತು. ಒಂಬತ್ತು ವರ್ಷದಲ್ಲಿ ಅವರು ಒಡೆದ ಮೊದಲ ವಸ್ತು ಅದು. ಕಾಯಂ ಆಗಿ ಮೂರೇ ವರ್ಷ; ಬೇರೊಂದು ವಿಭಾಗದಲ್ಲಿ ಉಪಕರಣ ಒಡೆದ ಅಟೆಂಡರೊಬ್ಬರನ್ನು ಆ ಬೇಸಿಗೆಯಲ್ಲಷ್ಟೇ ಮನೆಗೆ ಕಳಿಸಿದ್ದರು. ಉಡಚಮ್ಮನವರು ಕೆಲಸಕ್ಕೆ ಬಾರದ ಹಳೆಯ ಉಪಕರಣಗಳನ್ನು ತುಂಬಿದ್ದ ಮರದ ಕಪಾಟನ್ನು ಹುಡುಕಿದರು. ಅಲ್ಲಿ ಪತ್ರಿಕೆಯ ತುಂಡಿನಲ್ಲಿ ಸುತ್ತಿಟ್ಟ ಅದೇ ಆಕಾರದ, ಅದೇ ಅಳತೆಯ ಒಂದು ಪಟ್ಟಕ ಸಿಕ್ಕಿತು. ಕೈಗೆತ್ತಿಕೊಂಡ ಕೂಡಲೇ ಇದು ಹಳೆಯದಕ್ಕಿಂತ ಭಾರವೆಂದು ತಿಳಿಯಿತು. ಗಾಜು ಗಾಜೇ ಅಲ್ಲವೇ ಎಂದು ಮನಸ್ಸಿಗೆ ಹೇಳಿಕೊಂಡು ಅದನ್ನು ನಾಲ್ಕನೆಯ ಮೇಜಿನ ಮೇಲಿಟ್ಟರು. ಮುಕ್ಕಾದದ್ದು ಕಪಾಟಿನ ತಳ ಸೇರಿತು. ದಾಸ್ತಾನು ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಮೊದಲ ವಾರದಲ್ಲೇ ಅವರಿಗೆ ತಮ್ಮ ತಪ್ಪು ಕಂಡಿತು. ಉಳಿದ ಐದು ಮೇಜುಗಳಲ್ಲಿ ಗೆರೆ ಮೂವತ್ತೆಂಟು ಡಿಗ್ರಿಯ ಹತ್ತಿರ ನಿಂತು ಹೊರಳಿದರೆ, ನಾಲ್ಕನೆಯದರಲ್ಲಿ ನಲವತ್ತೆಂಟಕ್ಕೆ ನಿಲ್ಲುತ್ತಿತ್ತು. ಭಾರದ ಗಾಜು ಬೆಳಕನ್ನು ಹತ್ತು ಡಿಗ್ರಿ ಹೆಚ್ಚು ಬಾಗಿಸುತ್ತಿತ್ತು. ಯಾರಾದರೂ ಇಂದು ಕೇಳುತ್ತಾರೆ, ನಾಳೆ ಕೇಳುತ್ತಾರೆ, ಕೇಳಿದಾಗ ಹೇಳಿಬಿಡುವುದು ಎಂದು ಅವರು ಕಾದರು. ಯಾರೂ ಕೇಳಲಿಲ್ಲ. ವಿದ್ಯಾರ್ಥಿಗಳ ಬಳಿ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕಗಳಿದ್ದವು. ಬರಬೇಕಾದ ಉತ್ತರ ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯ ಮೇಜಿಗೆ ಬಂದವರು ದೂರದರ್ಶಕದಲ್ಲಿ ನಲವತ್ತೆಂಟನ್ನು ಕಂಡು, ಎಲ್ಲೋ ತಪ್ಪು ಮಾಡಿದೆವೆಂದು ಹೆದರಿ, ಪುಸ್ತಕದಲ್ಲಿ ಮೂವತ್ತೆಂಟೆಂದು ಬರೆದರು. ಅಂಜನಕುಮಾರ ಅವರು ಅಂಕಿಯನ್ನು ನೋಡಿ ಸಹಿ ಹಾಕಿದರು. ಮೂರು ವರ್ಷ ಹೀಗೆಯೇ ನಡೆಯಿತು. ಪ್ರತಿ ಸಲವೂ ಉಡಚಮ್ಮನವರು ವಿದ್ಯಾರ್ಥಿಯ ಬೆನ್ನ ಹಿಂದೆ ನಿಂತು ಕಣ್ಣಿಗೆ ಬಿದ್ದದ್ದು ಒಂದು, ಕೈ ಬರೆದದ್ದು ಒಂದು ಆಗುವುದನ್ನು ನೋಡುತ್ತಿದ್ದರು.

೨೦೦೨ರ ಏಪ್ರಿಲಿನಲ್ಲಿ ವಿಶ್ವವಿದ್ಯಾನಿಲಯದ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಶಿಸ್ತಿನವರು. ಚೀಟಿ ಎತ್ತಿದಾಗ ನಾಲ್ಕನೆಯ ಮೇಜು ಹುಮಾ ಎಂಬ ವಿದ್ಯಾರ್ಥಿನಿಗೆ ಬಂದಿತು. ಹುಮಾ ಹರಿಹರದ ಬಡೇಸಾಬರ ಮಗಳು. ತಂದೆ ಗಡಿಯಾರ ರಿಪೇರಿ ಮಾಡುವವರು, ಮಗಳು ಮಾತು ಕಡಿಮೆ, ಓದು ಹೆಚ್ಚು. ಎಂ.ಎಸ್ಸಿ.ಗೆ ಸೀಟು ಸಿಗಬೇಕಾದರೆ ಈ ಪರೀಕ್ಷೆಯ ಒಂದೊಂದು ಅಂಕವೂ ಬೇಕಿತ್ತು. ಅವಳು ಗೆರೆಯನ್ನು ಹಿಡಿದಳು, ಓದಿದಳು, ಇನ್ನೊಮ್ಮೆ ಮೊದಲಿನಿಂದ ಮಾಡಿ ಓದಿದಳು. ನಲವತ್ತೆಂಟು ಡಿಗ್ರಿ ಹನ್ನೆರಡು ಮಿನಿಟು ಎಂದು ಬರೆದಳು. ಪರೀಕ್ಷಕರು ಉತ್ತರ ಪತ್ರಿಕೆಯನ್ನು ನೋಡಿ, ಅಳತೆಪಟ್ಟಿಯ ಮೇಲೆ ಹತ್ತು ಡಿಗ್ರಿ ತಪ್ಪಾಗಿ ಎಣಿಸಿದ್ದೀಯೆ, ಇದು ಹೈಸ್ಕೂಲಿನ ಮಕ್ಕಳು ಮಾಡುವ ತಪ್ಪು, ತಿದ್ದಿ ಬರೆ, ಬರೆದರೆ ಅಂಕ ಕೊಡುತ್ತೇನೆ ಎಂದರು. ಹುಮಾ ಎದ್ದು ನಿಂತಳು.

"ಸರ್, ನನಗೆ ಕಂಡಿದ್ದು ನಲವತ್ತೆಂಟೇ ರೀ. ಎರಡು ಸಲ ನೋಡೀನಿ. ಕಾಣದ್ದನ್ನ ಹೆಂಗೆ ಬರೀಲಿ?"

ಇನ್ನೂ ಇಪ್ಪತ್ತು ಮಂದಿಯ ಪ್ರಯೋಗ ನೋಡುವುದಿತ್ತು. ಪರೀಕ್ಷಕರು ದೂರದರ್ಶಕದತ್ತ ತಿರುಗಲಿಲ್ಲ. ಹಟ ಮಾಡಿದರೆ ಫಲಿತಾಂಶದ ಅಂಕವಷ್ಟೇ ಅಲ್ಲ, ಓದಿದ ಅಳತೆಗಳ ಅಂಕವೂ ಹೋಗುತ್ತದೆ ಎಂದು ಕೆಂಪು ಪೆನ್ನು ತೆಗೆದರು. ಅಂಜನಕುಮಾರ ಅವರು ಪಕ್ಕದಲ್ಲಿದ್ದು, ಸುಮ್ಮನೆ ತಿದ್ದಿಬಿಡಮ್ಮ ಎಂದು ಮೆಲ್ಲಗೆ ಹೇಳಿದರು. ಹುಮಾಳ ಕಣ್ಣು ತುಂಬಿತ್ತು, ಆದರೆ ಕೈ ಪತ್ರಿಕೆಯ ಕಡೆಗೆ ಹೋಗಲಿಲ್ಲ. ಆರನೆಯ ಮೇಜಿನ ದೀಪವನ್ನು ಸರಿಪಡಿಸುತ್ತಿದ್ದ ಉಡಚಮ್ಮನವರು ಅದನ್ನು ಹಾಗೆಯೇ ಬಿಟ್ಟು ಬಂದು ಮೂವರ ನಡುವೆ ನಿಂತರು.

"ಆ ಹುಡುಗಿ ಓದಿದ್ದು ಸರಿ ಐತ್ರಿ ಸರ್. ಗಾಜು ಬ್ಯಾರೆ ಐತೆ. ಮೊದಲಿಂದು ನನ್ನ ಕೈಯಾಗೆ ಒಡೀತು, ಮೂರು ವರ್ಷದ ಹಿಂದ. ಯಾರಿಗೂ ಹೇಳದಂಗ ಇದನ್ನ ಇಟ್ಟೋಳು ನಾನೇ."

ಪರೀಕ್ಷಕರು ಕೆಂಪು ಪೆನ್ನನ್ನು ಮುಚ್ಚಿ, ಕನ್ನಡಕ ತೆಗೆದು, ಬಗ್ಗಿ ದೂರದರ್ಶಕಕ್ಕೆ ಕಣ್ಣಿಟ್ಟರು. ಪಟ್ಟಕವನ್ನು ತಾವೇ ತಿರುಗಿಸಿ, ಗೆರೆ ನಿಲ್ಲುವುದನ್ನು ನೋಡಿ, ಅಳತೆಪಟ್ಟಿಯನ್ನು ಭೂತಗನ್ನಡಿಯಲ್ಲಿ ಓದಿದರು. ಗಾಜನ್ನು ಎತ್ತಿ ಅಂಗೈಯಲ್ಲಿ ತೂಗಿ, ಇದು ಫ್ಲಿಂಟ್ ಗಾಜು, ಸೀಸ ಬೆರೆಸಿದ್ದು ಎಂದಷ್ಟೇ ಹೇಳಿ ಹುಮಾಳ ಪತ್ರಿಕೆಯಲ್ಲಿ ಪೂರ್ತಿ ಅಂಕ ಬರೆದರು. ಹೋಗುವ ಮುನ್ನ ಆ ಹುಡುಗಿಯ ಬಳಿ ಕ್ಷಮೆ ಕೇಳಿದರೆಂಬುದನ್ನೂ ಇಲ್ಲಿ ದಾಖಲಿಸಬೇಕು, ಅವರು ದೊಡ್ಡವರು.

ಮರುದಿನವೇ ಕಚೇರಿಯಿಂದ ಉಡಚಮ್ಮನವರಿಗೆ ನೋಟಿಸು ಬಂದಿತು. ಅವರು ಅದನ್ನು ಮನೆಗೆ ಒಯ್ದು ನಿಂಗಪ್ಪನವರ ಮುಂದಿಟ್ಟರು. ನಿಂಗಪ್ಪನವರು ಟ್ಯೂಬಿಗೆ ಪಂಕ್ಚರ್ ಹಾಕುತ್ತಲೇ ಓದಿಸಿಕೊಂಡು, ನೌಕರಿ ಹೋದರೆ ಹೋಗಲಿ, ಅಂಗಡಿಯಲ್ಲಿ ಇನ್ನೊಬ್ಬರಿಗೆ ಕೂರುವಷ್ಟು ಜಾಗ ಇದೆ ಎಂದರಂತೆ. ಉಡಚಮ್ಮನವರನ್ನು ಹೆಚ್ಚು ಬಾಧಿಸಿದ್ದು ಮಲ್ಲೇಶಪ್ಪನವರಿಗೆ ಮುಖ ತೋರಿಸುವುದು ಹೇಗೆಂಬ ಚಿಂತೆ. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದರು. ವೃದ್ಧರು ಬಹಳ ಹೊತ್ತು ಮಾತಾಡಲಿಲ್ಲ. ಸಿಟ್ಟು ಬಂದರೆ ಮಾತು ನಿಲ್ಲುವ ಅವರ ಸ್ವಭಾವವನ್ನು ಬಲ್ಲ ಉಡಚಮ್ಮನವರು ತಲೆ ತಗ್ಗಿಸಿದರು.

"ನಲವತ್ತೆಂಟು, ಎಷ್ಟು ಮಿನಿಟು?" ಎಂದರು ಮಲ್ಲೇಶಪ್ಪನವರು ಕೊನೆಗೆ.

"ಹನ್ನೆರಡು ರೀ."

ಅವರು ಎದ್ದು ಹೋಗಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ವಕ್ರೀಭವನಾಂಕದ ಲೆಕ್ಕ ಹಾಕಿ, ಒಂದು ಪಾಯಿಂಟ್ ಆರು ಎರಡು ಎಂದು ತಮಗೆ ತಾವೇ ಹೇಳಿಕೊಂಡರು. ಮುಖದ ಮೇಲೆ ನಗು ಬಂದಿತ್ತು. "ಆ ಫ್ಲಿಂಟ್ ಪ್ರಿಸಂನ ನಾನು ಎಂಬತ್ತನಾಲ್ಕನೇ ಇಸವಿಯಿಂದ ಹುಡುಕ್ತಿದ್ದೆ ಉಡಚಮ್ಮ. ಯಾವ ಕಪಾಟಿನಾಗೆ ಇತ್ತು?"

ಆ ಮಾತು ಕೇಳಿ ಮೂರು ವರ್ಷ ತಡೆದಿದ್ದ ಅಳು ಅಲ್ಲಿ ಬಂದಿತೆಂದು ಉಡಚಮ್ಮನವರು ಹೇಳುತ್ತಾರೆ. ಮಲ್ಲೇಶಪ್ಪನವರು ಅಂದೇ ಪ್ರಾಂಶುಪಾಲರಿಗೆ ಎರಡು ಪುಟದ ಪತ್ರ ಬರೆದರು. ಅಂಜನಕುಮಾರ ಅವರೂ ಒಂದು ಪತ್ರ ಬರೆದರು: ಮೂರು ವರ್ಷ ದೂರದರ್ಶಕದೊಳಗೆ ಕಣ್ಣಿಡದೆ ಸಹಿ ಹಾಕಿದ ತಾನೂ ಈ ತಪ್ಪಿನಲ್ಲಿ ಸಮಪಾಲುದಾರ, ನೋಟಿಸನ್ನು ತನಗೂ ಕೊಡಬೇಕು ಎಂದು. ನೌಕರಿ ಉಳಿಯಿತು. ಆದರೆ ಉಡಚಮ್ಮನವರನ್ನು ಪ್ರಯೋಗಾಲಯದಿಂದ ತೆಗೆದು ಮತ್ತೆ ವರಾಂಡ ಗುಡಿಸಲು ಹಾಕಿದರು. ಹದಿನಾಲ್ಕು ತಿಂಗಳು ಅವರು ಡಾರ್ಕ್ ರೂಮಿನ ಹೊರಗೋಡೆಯುದ್ದಕ್ಕೂ ಗುಡಿಸಿದರು, ಒಳಗೆ ಕಾಲಿಡಲಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ಎರಡು ಸೋಡಿಯಂ ದೀಪ ಸುಟ್ಟವು, ಮೂರು ಸ್ಪೆಕ್ಟ್ರೋಮೀಟರುಗಳ ತಿರುಪು ಕೆಟ್ಟವು. ಕೊನೆಗೆ ಅಂಜನಕುಮಾರ ಅವರೇ ಆಡಳಿತ ಮಂಡಳಿಯ ಮುಂದೆ ಹೋಗಿ ಕೇಳಿ, ೨೦೦೩ರ ಜುಲೈಯಲ್ಲಿ ಅವರನ್ನು ಹಿಂದಕ್ಕೆ ಕರೆತಂದರು. ಅಂದಿನಿಂದ ವಿದ್ಯಾರ್ಥಿಯ ದೂರದರ್ಶಕದಲ್ಲಿ ತಾವೊಮ್ಮೆ ನೋಡದೆ ನಮ್ಮ ವಿಭಾಗದ ಯಾವ ಅಧ್ಯಾಪಕರೂ ಸಹಿ ಹಾಕಿದ್ದಿಲ್ಲ.

ಇಲ್ಲಿ ಈ ಲೇಖಕಿ ತನ್ನ ಮಾತೊಂದನ್ನು ಸೇರಿಸಲೇಬೇಕು. ಆ ಮೂರು ವರ್ಷಗಳಲ್ಲಿ ನಾಲ್ಕನೆಯ ಮೇಜಿಗೆ ಬಂದು, ನಲವತ್ತೆಂಟನ್ನು ಕಂಡು, ಮೂವತ್ತೆಂಟೆಂದು ಬರೆದವರಲ್ಲಿ ಇವಳೂ ಒಬ್ಬಳು. ಆ ಸುಳ್ಳಿಗೆ ಅವಳಿಗೆ ಹತ್ತಕ್ಕೆ ಹತ್ತು ಅಂಕ ಬಂದಿತ್ತು. ೨೦೦೮ರಲ್ಲಿ ಅದೇ ವಿಭಾಗಕ್ಕೆ ಅಧ್ಯಾಪಕಿಯಾಗಿ ಬಂದಾಗ, ಮೊದಲ ವಾರ ಪೂರ್ತಿ ಉಡಚಮ್ಮನವರ ಮುಖ ನೋಡಲಾರದೆ ತಪ್ಪಿಸಿಕೊಂಡು ತಿರುಗಿದಳು. ಶನಿವಾರ ಪ್ರಯೋಗಗಳೆಲ್ಲ ಮುಗಿದ ಮೇಲೆ ಧೈರ್ಯ ಮಾಡಿ ಹೇಳಿದಳು. ಅವರು ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು.

"ಗೊತ್ತೈತೆ ಬಿಡವ್ವ ಸುಷ್ಮಾ. ಅವತ್ತು ನಿನ್ನ ಹಿಂದೇನೇ ನಿಂತಿದ್ದೆ" ಎಂದರು. "ನೀನು ಬರ್ದಿ, ನಾನು ಸುಮ್ನಿದ್ದೆ. ನಿನಗಿಂತ ನಂದೇ ತಪ್ಪು ಹೆಚ್ಚು. ನೀ ಇನ್ನೂ ಹುಡುಗಿ ಇದ್ದಿ."

ಅಂದಿನಿಂದ ಹದಿನಾರು ವರ್ಷ ಇಬ್ಬರೂ ಒಂದೇ ಕೋಣೆಯ ಕತ್ತಲೆಯಲ್ಲಿ ಕೆಲಸ ಮಾಡಿದ್ದೇವೆ. ಸೋಡಿಯಂ ದೀಪದ ಹಳದಿಯಲ್ಲಿ ಎಲ್ಲರ ಮುಖವೂ ಒಂದೇ ಬಣ್ಣವಾಗಿ, ಯಾರು ಅಧ್ಯಾಪಕಿ ಯಾರು ಅಟೆಂಡರ್ ಎಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಪರೀಕ್ಷೆಯ ನಡುವೆ ಕರೆಂಟು ಹೋದಾಗ ಮೊಂಬತ್ತಿ ಹಚ್ಚಿ ವಿದ್ಯಾರ್ಥಿಗಳಿಗೆ ಅವರು ಹೇಳುತ್ತಿದ್ದ ಬಳೆಯ ಕಥೆಗಳು, ಬ್ರೌನ್ ಪೇಪರಿನ ರೆಕಾರ್ಡ್ ಪುಸ್ತಕಗಳ ವಾಸನೆ, ಮಧ್ಯಾಹ್ನ ನಿಂಗಪ್ಪನವರು ಸೈಕಲ್ಲಿನಲ್ಲಿ ತಂದುಕೊಡುತ್ತಿದ್ದ ಮಂಡಕ್ಕಿ ಮೆಣಸಿನಕಾಯಿ ಇವೆಲ್ಲ ನಮ್ಮ ವಿಭಾಗದ ಇತಿಹಾಸದ ಭಾಗಗಳೇ. ಈಗ ಅಲ್ಲಿ ಲೇಸರ್ ಬಂದಿದೆ, ಅಳತೆ ತಾನೇ ತೆರೆಯ ಮೇಲೆ ಮೂಡುತ್ತದೆ. ಒಳ್ಳೆಯದೇ. ಆದರೂ ಗೆರೆ ನಿಲ್ಲುವ ಗಳಿಗೆಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದ ಆ ಮಧ್ಯಾಹ್ನಗಳನ್ನು ನೆನೆದಾಗ ಮನಸ್ಸು ಹಿಂದಕ್ಕೆ ಹೋಗುತ್ತದೆ.

ಹುಮಾ ಅವರು ಎಂ.ಎಸ್ಸಿ. ಮುಗಿಸಿ ಹರಿಹರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದಾರೆ. ಪ್ರತಿ ಡಿಸೆಂಬರಿನಲ್ಲಿ ತಮ್ಮ ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಉಡಚಮ್ಮನವರ ಕೈಗೆ ಒಪ್ಪಿಸಿ, ತಾವು ಹಿಂದೆ ನಿಲ್ಲುತ್ತಿದ್ದರು.

ನಿವೃತ್ತಿಗೆ ಹದಿನೈದು ದಿನ ಇರುವಾಗ, ಈಗ ಪ್ರಾಂಶುಪಾಲರಾಗಿರುವ ಅಂಜನಕುಮಾರ ಅವರು, ಬೀಳ್ಕೊಡುಗೆಗೆ ಏನು ಕೊಡೋಣವೆಂದು ಉಡಚಮ್ಮನವರನ್ನೇ ಕರೆದು ಕೇಳಿದರು. ಸಾವಿರಾರು ಮಂದಿಗೆ ಪ್ರಯೋಗ ಹೂಡಿಕೊಟ್ಟಿದ್ದೇನೆ, ನಾನೊಮ್ಮೆಯೂ ಪೂರ್ತಿ ಮಾಡಿ ಬರೆದಿಲ್ಲ, ನನಗೊಂದು ರೆಕಾರ್ಡ್ ಪುಸ್ತಕ ಬೇಕು ಎಂದರು ಅವರು. ಮೇ ಕೊನೆಯ ದಿನ ಮಧ್ಯಾಹ್ನ ಮೊದಲನೆಯ ಮೇಜಿನಲ್ಲಿ ಪ್ರಯೋಗ ನಡೆಯಿತು. ಅಳತೆಗಳನ್ನೆಲ್ಲ ಅವರೇ ತೆಗೆದರು. ಸೈನ್ ಕೋಷ್ಟಕದಿಂದ ಅಂಕಿ ಓದಿ ಹೇಳುವುದಷ್ಟೇ ಹುಮಾ ಅವರ ಕೆಲಸ. ಭಾಗಾಕಾರ ಮಾಡಲು ಉಡಚಮ್ಮನವರಿಗೆ ಅರ್ಧ ಗಂಟೆ ಹಿಡಿಯಿತು. ಕ್ಯಾಲ್ಕುಲೇಟರು ಕೊಡಹೋದವರಿಗೆ ಬೇಡವೆಂದರು. ಉತ್ತರ ೧.೫೧೪ ಬಂದಿತು. ಅಂಜನಕುಮಾರ ಅವರು ಮೊಣಕಾಲು ನೋವನ್ನೂ ಲೆಕ್ಕಿಸದೆ ಬಗ್ಗಿ ದೂರದರ್ಶಕದಲ್ಲಿ ನೋಡಿ, ಅಳತೆಪಟ್ಟಿಯನ್ನು ಓದಿ, ಸಹಿ ಹಾಕಿ, ಹತ್ತಕ್ಕೆ ಒಂಬತ್ತು ಎಂದು ಬರೆದರು. ನೆರೆದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಒಂದು ಅಂಕ ಯಾಕ ಹೋಯ್ತು ರೀ ಎಂದು ಉಡಚಮ್ಮನವರು ಕೇಳಿದರು. ಚಿತ್ರದಲ್ಲಿ ಕಿರಣಗಳಿಗೆ ಬಾಣದ ಗುರುತು ಹಾಕಿಲ್ಲ, ಬೆಳಕು ಯಾವ ಕಡೆಯಿಂದ ಬಂದಿತೆಂದು ತಿಳಿಯುವುದಿಲ್ಲ ಎಂದರು ಅಂಜನಕುಮಾರ. ಉಡಚಮ್ಮನವರು ಪೆನ್ಸಿಲು ತೆಗೆದುಕೊಂಡು ಮೂರು ಬಾಣಗಳನ್ನೂ ಬರೆದರು: ಗಾಜಿಗೆ ಬರುವ ಕಿರಣಕ್ಕೊಂದು, ಗಾಜಿನೊಳಗಿನದಕ್ಕೊಂದು, ಹೊರಟು ಹೋಗುವುದಕ್ಕೊಂದು. ಪ್ರಾಂಶುಪಾಲರು ನಗುತ್ತ ಒಂಬತ್ತನ್ನು ಹತ್ತು ಮಾಡಲು ಕೈ ಚಾಚಿದಾಗ ಉಡಚಮ್ಮನವರು ಪುಸ್ತಕವನ್ನು ಮುಚ್ಚಿಬಿಟ್ಟರು.

"ನೀವು ನೋಡಿದಾಗ ಇರ್ಲಿಲ್ಲಲ್ರೀ ಸರ್. ಒಂಬತ್ತೇ ಇರ್ಲಿ."

ಆ ಪುಟವನ್ನು ಈ ಗ್ರಂಥದ ಕೊನೆಯಲ್ಲಿ ಇದ್ದಂತೆಯೇ ಅಚ್ಚು ಮಾಡಲಾಗಿದೆ. ಜುಲೈಯಿಂದ ಉಡಚಮ್ಮನವರು ಪ್ರತಿ ಶನಿವಾರ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ಹುಮಾ ಅವರ ಶಾಲೆಯ ಹಿಂದಿನ ಕೋಣೆಯನ್ನು ಕಪ್ಪು ಬಟ್ಟೆ ಕಟ್ಟಿ ಸಜ್ಜು ಮಾಡುತ್ತಿದ್ದಾರೆ. ಅವರಿಗೂ ನಿಂಗಪ್ಪನವರಿಗೂ ಗಟ್ಟಿ ಆರೋಗ್ಯವಿರಲಿ, ಕಣ್ಣಿನ ಬೆಳಕು ನೂರರವರೆಗೂ ಮಾಸದಿರಲಿ, ಆ ಕೋಣೆಯಲ್ಲಿ ಇನ್ನೆಷ್ಟೋ ಮಕ್ಕಳು ತಮಗೆ ಕಂಡದ್ದನ್ನೇ ಬರೆಯಲು ಅವರ ಪಕ್ಕದಲ್ಲಿ ನಿಂತು ಕಲಿಯಲಿ ಎಂದು, ಅವರಿಂದ ತಡವಾಗಿ ಕಲಿತ ಒಬ್ಬ ವಿದ್ಯಾರ್ಥಿನಿ ಮನಸಾರೆ ಹಾರೈಸುತ್ತಾಳೆ.